ಬೆದೆಗೆ ಬಂದ ಹೆಣ್ಣುಕುದುರೆಯ ಗರ್ಭಕೋಶದ ಒಳಪೊರೆ

ಹೆಣ್ಣುಕುದುರೆಯು ಒಂದೆರಡು ಬೆದೆಗಳಲ್ಲಿ ಗಬ್ಬವಾಗದಿದ್ದರೆ, ಬೀಜದ ಕುದುರೆಯನ್ನು ದೂರುತ್ತ ಮತ್ತೆ ಮತ್ತೆ ಅದಕ್ಕೆ ಬಿಡುವುದು ಅನೇಕರಲ್ಲಿ ವಾಡಿಕೆಯಾಗಿದೆ. ಬೀಜವು ಎಷ್ಟು ಗಟ್ಟಿಯಾಗಿದ್ದರೂ ಭೂಮಿ ಹದವಾಗಿಲ್ಲದಿದ್ದರೆ ಪೈರು ಏಳದೆಂಬುದನ್ನು ಪಟೇಲರಿಗೂ ಜಮೀನ್ದಾರರಿಗೂ ಹೇಳಬೇಕಾದುದಿಲ್ಲ. ಇಲ್ಲಿ ಭೂಮಿಯೆಂದರೆ ಗರ್ಭಕೋಶದ ಒಳಪೊರೆ. ಅದರ ರಚನೆಯನ್ನೂ ಬೆದೆಯಲ್ಲಿ ಅದು ಹೊಂದುವ ಮಾರ್ಪಾಡನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸಿದೆ.

ಈ ಪೊರೆಯ ಚೂರೊಂದನ್ನು ಮಿಲಿಮೀಟರಿನ 200ರಲ್ಲಿ ಒಂದು ಪಾಲಿನಷ್ಟು ತೆಳುವಾಗಿ ಕೊಯ್ದು, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೇಲ್ಗಡೆ ಒಂದೇ ಸಾಲಾಗಿ ನಿಂತ ಜೀವಕಣಗಳ ಹೊದಿಕೆಯು ಕಾಣುವುದು. ಇವುಗಳಲ್ಲಿ ಕೆಲವಕ್ಕೆ ನವುರಾದ ರೋಮಗಳಿರುವುವು; ಉಳಿದವು ರಸವನ್ನು ಸ್ರವಿಸುವುವು. ಹೊದಿಕೆಯ ಕೆಳಗೆ ಒತ್ತಾದ ಪದರವೊಂದು, ಅದರ ಕೆಳಗೆ ಸಡಿಲವಾದ ಪದರವೊಂದು. ಇವುಗಳೊಳಗೆ ರಕ್ತನಾಳಗಳೂ ಕೊಳವೆಯಂತಹ ಗ್ರಂಥಿಗಳೂ ಹರಡಿರುವುವು. ಅಂಡವು ಫಲಿಸಿದ ಸುಮಾರು 6ನೆಯ ದಿನ ಪಿಂಡವು ಗರ್ಭಕೋಶಕ್ಕೆ ಇಳಿದು, ಸುಮಾರು 16ನೆಯ ದಿನದವರೆಗೂ ಅಲ್ಲಿ ಅತ್ತಿತ್ತ ಚಲಿಸುತ್ತಿರುವುದು. ಮಾಸು ಭದ್ರವಾಗಿ ಅಂಟಿಕೊಳ್ಳುವತನಕ ಈ ಗ್ರಂಥಿಗಳ ರಸವೇ ಅದಕ್ಕೆ ಆಹಾರ.

ಬೆದೆಯು ಸಾಮಾನ್ಯವಾಗಿ 21-22 ದಿನಗಳಿಗೊಮ್ಮೆ ಬಂದು 5ರಿಂದ 7 ದಿನ ಇರುವುದು. ಆಗ ಅಂಡಾಶಯದಿಂದ ಹೊರಡುವ ಈಸ್ಟ್ರೋಜನ್ ಎಂಬ ಸ್ರಾವದ ಬಲದಿಂದ ಮೇಲ್ಹೊದಿಕೆಯ ಕಣಗಳು ಎತ್ತರವಾಗುವುವು. ಪದರಗಳಲ್ಲಿ ನೀರು ತುಂಬಿ ಮಡಿಕೆಗಳು ಉಬ್ಬುವುವು. ಗ್ರಂಥಿಗಳು ಒಂದರಿಂದೊಂದು ದೂರ ಸರಿದು ನೇರವಾಗಿ ಕಾಣುವುವು. ಗರ್ಭಕೋಶದ ಬಾಯಿ ತೆರೆದಿರುವ ಈ ಕಾಲದಲ್ಲಿ ರಕ್ತದ ಬಿಳಿಯ ಕಣಗಳು, ಊರಬಾಗಿಲಿನಲ್ಲಿ ತಳವಾರರು ನಿಂತಂತೆ, ಸಣ್ಣ ರಕ್ತನಾಳಗಳ ಅಂಚಿಗೆ ಬಂದು ನಿಲ್ಲುವುವು. ಇದು ರೋಗವಲ್ಲ, ಪ್ರಕೃತಿಧರ್ಮ. ಬೆದೆ ಮುಗಿಯುವುದಕ್ಕೆ 24ರಿಂದ 48 ಗಂಟೆಗಳ ಮುಂಚೆ ಅಂಡವು ಬಿಡುಗಡೆಯಾಗುವುದು. ಊತವು ಅಷ್ಟರಲ್ಲೇ ಇಳಿಯತೊಡಗಿ, ಬಳಿಕ ಗ್ರಂಥಿಗಳು ಸುರುಳಿಯಾಗಿ ಒತ್ತೊತ್ತಾಗುವುವು.

ಕುದುರೆಗಳಲ್ಲಿ ವೀರ್ಯವು ನೇರವಾಗಿ ಗರ್ಭಕೋಶದೊಳಕ್ಕೇ ಬೀಳುವುದರಿಂದ ಪ್ರತಿಯೊಂದು ಸಂಯೋಗದ ನಂತರವೂ ಪೊರೆಯು ಸ್ವಲ್ಪ ಉರಿಯೂತವನ್ನು ಹೊಂದುವುದು. ಆರೋಗ್ಯವಾದ ಕುದುರೆಯಲ್ಲಿ ಇದು ಎರಡು ದಿನಗಳೊಳಗೆ ಶಮನವಾಗುವುದು. ಕೆಲವು ಕುದುರೆಗಳಲ್ಲಿ, ಮುಖ್ಯವಾಗಿ ವಯಸ್ಸಾದವುಗಳಲ್ಲಿ, ಅದು ಉಳಿದುಬಿಡುವುದು. ಅಂಥವನ್ನು ಪದೇ ಪದೇ ಬೀಜದ ಕುದುರೆಗೆ ಬಿಟ್ಟರೆ ಕೇಡು ಹೆಚ್ಚುವುದು. ವಯಸ್ಸು ಏರಿದಂತೆ ಗ್ರಂಥಿಗಳ ಸುತ್ತಲೂ ನಾರು ಬೆಳೆದು ರಸವು ಬತ್ತುವುದು, ಪಿಂಡವು ನಿಲ್ಲದು. 1978ರಲ್ಲಿ ಕೆನ್ನಿ ಎಂಬ ಪಶುವೈದ್ಯರು ಇಂತಹ ಲಕ್ಷಣಗಳನ್ನು ನೋಡಿ ಪೊರೆಯನ್ನು ದರ್ಜೆಗಳಾಗಿ ವಿಂಗಡಿಸಿದರು. ಮೊದಲ ದರ್ಜೆಯ ನೂರು ಕುದುರೆಗಳಲ್ಲಿ 80ಕ್ಕೆ ಮೇಲ್ಪಟ್ಟು ಮರಿ ಹಾಕುವ ಸಂಭವವಿದ್ದರೆ, ಕಡೆಯ ದರ್ಜೆಯಲ್ಲಿ ಸುಮಾರು 10 ಮಾತ್ರ.

ಆದಕಾರಣ ಕುದುರೆಯನ್ನು ಸಾಕುವವರು ಗಮನಿಸತಕ್ಕ ಅಂಶಗಳು:

1. ಬೆದೆ ಆರಂಭವಾದ ಮತ್ತು ಮುಗಿದ ದಿನಗಳನ್ನು ಪ್ರತಿ ಸಲವೂ ಬರೆದಿಡತಕ್ಕದ್ದು.

2. ಬೆದೆಯ ಮೊದಲ ದಿನದಿಂದಲೇ ಬಿಡದೆ, ಪಶುವೈದ್ಯರ ಸಲಹೆಯಂತೆ ಅಂಡವು ಬಿಡುಗಡೆಯಾಗುವ ಸಮಯಕ್ಕೆ ಹತ್ತಿರದಲ್ಲಿ ಒಂದು ಸಲ ಬಿಡುವುದು ಲೇಸು.

3. ಎರಡು ಮೂರು ಬೆದೆಗಳಲ್ಲಿಯೂ ಫಲ ಕಾಣದಿದ್ದರೆ ಪೊರೆಯ ಚೂರನ್ನು ತೆಗೆಸಿ ಪರೀಕ್ಷೆ ಮಾಡಿಸತಕ್ಕದ್ದು. ಅದಕ್ಕೆ ಮುಂಚೆ ಗಬ್ಬವಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯ.

4. ಚೂರಿನ ಜೊತೆಯಲ್ಲಿ ಬೆದೆಯ ದಿನವನ್ನೂ ಕುದುರೆಯ ವಯಸ್ಸನ್ನೂ ತಪ್ಪದೆ ತಿಳಿಸಬೇಕು. ಇಲ್ಲದಿದ್ದರೆ ಬೆದೆಯ ಸಹಜವಾದ ಊತವನ್ನು ರೋಗವೆಂದು ತಿಳಿಯುವ ಸಂಭವವುಂಟು.

ಹೆಣ್ಣುಕುದುರೆಯು ಮರಿಯನ್ನು ಹೊರುವುದು ಸುಮಾರು ಹನ್ನೊಂದು ತಿಂಗಳು. ಒಂದು ಬೆದೆ ತಪ್ಪಿದರೆ ನಷ್ಟವಾಗುವುದು ಮೂರು ವಾರ. ಕಾರಣವನ್ನು ವಿಚಾರಿಸದೆ ಕುಳಿತರೆ ಒಂದು ವರ್ಷದ ಮೇವೂ ಖರ್ಚೂ ವ್ಯರ್ಥವಾಗುವುವು.