ಭವಾವಳಿಯೂ ಕಾಲಯಾನವೂ

ವಿಜ್ಞಾನಕಥೆಯ ಚಲನಚಿತ್ರಗಳು ಭವಿಷ್ಯತ್ತಿನಲ್ಲಿ ಎಷ್ಟೇ ದೂರ ಸಂಚರಿಸಿದರೂ, ಮನುಷ್ಯನ ಅಳಲನ್ನು ನುಡಿಯಬೇಕಾದೊಡನೆ ಪ್ರಾಚೀನರ ಬಾಗಿಲಿಗೇ ಬಂದು ನಿಲ್ಲುತ್ತವೆ. 1956ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರವು ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದ ದ್ವೀಪವನ್ನು ಅನ್ಯಗ್ರಹಕ್ಕೆ ಎತ್ತಿಕೊಂಡೊಯ್ದು, ಅಲ್ಲಿಯ ಏರಿಯಲನನ್ನು ಯಂತ್ರಮಾನವನನ್ನಾಗಿ ಮಾರ್ಪಡಿಸಿತು. 1968ರಲ್ಲಿ ಕ್ಯೂಬ್ರಿಕನು ತನ್ನ ವ್ಯೋಮಯಾತ್ರೆಗೆ ಹೋಮರನ ಮಹಾಕಾವ್ಯದ ಹೆಸರನ್ನೇ ಇಟ್ಟನು. 1982ರ ‘ಸ್ಟಾರ್ ಟ್ರೆಕ್’ ಚಿತ್ರದ ಖಾನನಾದರೋ ‘ಮೋಬಿ ಡಿಕ್’ ಕಾದಂಬರಿಯ ಏಹಬನ ಮಾತುಗಳನ್ನು ಉಚ್ಚರಿಸುತ್ತಲೇ ಸಾಯುತ್ತಾನೆ.

ಕನ್ನಡದಲ್ಲಿಯೂ ಈ ಸಂಪ್ರದಾಯಕ್ಕೆ ಸೇರಿದ ಒಂದು ಚಿತ್ರ 2024ರ ಮಾರ್ಚಿನಲ್ಲಿ ತೆರೆಕಂಡಿತು. ಶ್ರೀನಿಧಿ ಬೆಂಗಳೂರು ನಿರ್ದೇಶಿಸಿದ ‘ಬ್ಲಿಂಕ್’ ಚಿತ್ರದ ತರುಣನು ಕಾಲದ ಪ್ರವಾಹದಲ್ಲಿ ಹಿಮ್ಮುಖನಾಗಿ ತನ್ನವರನ್ನು ಅರಸುತ್ತಾನೆ. ಆ ಅನ್ವೇಷಣೆಯ ಮೇಲೆ ಸೊಫೊಕ್ಲಿಸನ ಈಡಿಪಸ್ಸನ ನೆರಳು ಬಿದ್ದಿದೆ. ಆ ದೊರೆ ನಮಗೆ ಪರಕೀಯನಲ್ಲ: ಲಂಕೇಶರು ಅವನನ್ನು ಕನ್ನಡಕ್ಕೆ ಕರೆತಂದರು, 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲುರಂಗದಲ್ಲಿ ನಿಲ್ಲಿಸಿದರು. ಆದುದರಿಂದ ಈ ಆಯ್ಕೆ ನನಗೆ ಸಂತೋಷವನ್ನೇ ತಂದಿತು. ಆದರೂ ಇಂಥ ಕಥೆಗೆ ಇನ್ನೂ ಸಮೀಪದ ಬಂಧುವೊಬ್ಬನು ನಮ್ಮ ಭಾಷೆಯಲ್ಲಿಯೇ ಇರುವನೆಂದು ಹೇಳದೆ ಇರಲಾರೆ.

ಆ ಬಂಧುವನ್ನು ಜೈನರ ಕಥಾಲೋಕದಲ್ಲಿ ಅರಸಬೇಕು. ಚಿಕ್ಕೋಡಿ ಸೀಮೆಯಲ್ಲಿ, ದೂಧಗಂಗೆಯ ದಡದಲ್ಲಿರುವ ಸದಲಗಾ, ‘ಮೂಕಮಾಟಿ’ ಎಂಬ ಹಿಂದೀ ಮಹಾಕಾವ್ಯವನ್ನು ರಚಿಸಿದ ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಜನಿಸಿದ ಊರು. ಇಲ್ಲಿಯ ಜೈನ ಮನೆತನಗಳಿಗೆ ಜೀವವು ಕಾಲದೊಳಗೆ ಅಲೆಯುವುದೆಂಬ ಕಲ್ಪನೆ ಹೊಸದಲ್ಲ. ತೀರ್ಥಂಕರರ ಭವಾವಳಿಗಳು, ಎಂದರೆ ಅವರ ಜನ್ಮಪರಂಪರೆಯ ಕಥೆಗಳು, ಈ ಮನೆತನಗಳ ಧರ್ಮಶ್ರವಣದ ಆಹಾರ. ಪಂಪನು 941ರಲ್ಲಿ ಬರೆದ ‘ಆದಿಪುರಾಣ’ದಲ್ಲಿ ಶ್ರೀಮತಿಯು ಪೂರ್ವಜನ್ಮದ ಸ್ಮರಣೆಯನ್ನು ಪಟದಲ್ಲಿ ಚಿತ್ರಿಸಲು, ಜಿನಾಲಯದಲ್ಲಿ ಅದನ್ನು ಕಂಡ ವಜ್ರಜಂಘನು ತಾನೇ ಹಿಂದಿನ ಭವದ ಲಲಿತಾಂಗನೆಂದು ಅರಿತುಕೊಳ್ಳುತ್ತಾನೆ. ಎರಡು ಕಾಲಗಳನ್ನು ಒಂದೇ ಚಿತ್ರದಲ್ಲಿ ಬೆಸೆಯುವ ಈ ಉಪಾಯಕ್ಕಿಂತ ಚಲನಚಿತ್ರಕ್ಕೆ ಒಗ್ಗುವ ಸನ್ನಿವೇಶ ಯಾವುದಿದ್ದೀತು?

ಇದಕ್ಕಿಂತಲೂ ಭಯಂಕರವಾದುದು ಯಶೋಧರನ ಕಥೆ. ಜನ್ನನು 1209ರಲ್ಲಿ ಕನ್ನಡಿಸಿದ ಈ ವೃತ್ತಾಂತದಲ್ಲಿ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯೊಂದನ್ನು ಬಲಿಗೊಟ್ಟ ಅರಸನು, ಆ ತಾಯಿಯೊಡನೆ ನವಿಲಾಗಿ, ಮೀನಾಗಿ, ಆಡಾಗಿ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾನೆ. ಈ ಕಥಾಪರಂಪರೆಯಲ್ಲಿ, ಒಮ್ಮೆ ತಾಯಾಡಿನೊಡನೆ ಕೂಡಿದ ಕ್ಷಣದಲ್ಲೇ ಮಡಿದು, ತನ್ನದೇ ಬೀಜದಿಂದ ಅದೇ ಗರ್ಭವನ್ನು ಸೇರಿ, ತನಗೆ ತಾನೇ ತಂದೆಯೂ ಮಗನೂ ಆಗುತ್ತಾನೆ. ಕಾಲಯಾನದ ಕಥೆಗಳು ಬಹು ಪ್ರಯಾಸದಿಂದ ಹೆಣೆಯುವ ವಿರೋಧಾಭಾಸವು ಇಲ್ಲಿ ಶತಮಾನಗಳ ಹಿಂದೆಯೇ ಪರಿಪೂರ್ಣವಾಗಿ ಘಟಿಸಿದೆ. ಈಡಿಪಸ್ಸನ ಕೇಡು ಹುಟ್ಟುವ ಮೊದಲೇ ದೈವವಾಣಿಯಿಂದ ನಿರ್ಣೀತವಾದುದು; ಯಶೋಧರನದು ಅವನದೇ ಸಂಕಲ್ಪದ ಫಲ, ಒಂದು ಕ್ಷಣದ ಹಿಂಸಾಭಾವಕ್ಕೆ ತಪ್ಪದೆ ಒದಗಿದ ಪರಿಣಾಮಗಳ ಸರಣಿ. ಕಾರ್ಯಕಾರಣದ ನಿಯಮದಲ್ಲಿ ಶ್ರದ್ಧೆಯಿಟ್ಟು ನಡೆಯುವ ವಿಜ್ಞಾನಕಥೆಗೆ ಈ ಎರಡನೆಯದೇ ಹೆಚ್ಚು ಹತ್ತಿರವೆಂಬುದು ನನ್ನ ದೃಢವಾದ ಅಭಿಪ್ರಾಯ.

ರಂಗಭೂಮಿಯಲ್ಲಿ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದ ಮೂಲಕ ಈ ವಸ್ತುವಿನ ಶಕ್ತಿಯನ್ನು ತೋರಿಸಿಕೊಟ್ಟಿದ್ದಾರೆ, ಆದರೆ ಅವರ ಗಮನ ಭವಾವಳಿಯ ಮೇಲಲ್ಲ, ಹಿಂಸೆಯ ಮೇಲೆ ನೆಲೆಸಿತು, ಜನ್ಮಗಳ ಆ ಸರಣಿ ಇನ್ನೂ ಕ್ಯಾಮೆರಾಕ್ಕಾಗಿ ಕಾದಿದೆ. ಮುಂದಿನ ಕಾಲಯಾನದ ಚಿತ್ರವನ್ನು ಬರೆಯಹೊರಟ ಕನ್ನಡದ ತರುಣರು ಮೊದಲು ಜನ್ನನನ್ನು ಆಮೂಲಾಗ್ರವಾಗಿ ಓದಲಿ. ನಾಲ್ಕೇ ಅವತಾರಗಳ, ಎಂದರೆ ಅಧ್ಯಾಯಗಳ, ಕಿರುಕಾವ್ಯವದು.