ಮೂರು ಬಗೆಯ ನಿಶ್ಚಿತಾರ್ಥಕ ಪ್ರತ್ಯಯ: ಬಲ್ಗೇರಿಯನ್ನಿನ ರೊಡೊಪಿ ಉಪಭಾಷೆಯ ಸ್ವರೂಪ ಮತ್ತು ವ್ಯಾಪ್ತಿ

ಸ್ಲಾವಿಕ್ ಭಾಷೆಗಳ ನಡುವೆ ಬಲ್ಗೇರಿಯನ್ ಎರಡು ಲಕ್ಷಣಗಳಿಂದ ವಿಶಿಷ್ಟವಾಗಿದೆ: ಅದು ನಾಮಪದಗಳ ವಿಭಕ್ತಿರೂಪಗಳನ್ನು ಬಹುಮಟ್ಟಿಗೆ ಕಳೆದುಕೊಂಡಿದೆ, ನಾಮಪದದ ಕೊನೆಗೆ ನಿಶ್ಚಿತಾರ್ಥಕ ಪ್ರತ್ಯಯವನ್ನು ಸೇರಿಸುತ್ತದೆ. ಶಿಷ್ಟಭಾಷೆಯಲ್ಲಿ 'ಕ್ನಿಗಾ' ಎಂದರೆ ಪುಸ್ತಕ. 'ಕ್ನಿಗಾತಾ' ಎಂದರೆ ಮಾತಿನ ಸಂದರ್ಭದಿಂದ ಯಾವುದೆಂದು ತಿಳಿದಿರುವ ಪುಸ್ತಕ. ರೊಡೊಪಿ ಪರ್ವತಪ್ರದೇಶದ ಉಪಭಾಷೆಯಲ್ಲಿ ಈ ಪ್ರತ್ಯಯ ಒಂದಲ್ಲ, ಮೂರು. ಈ ವ್ಯವಸ್ಥೆ ಹೇಗಿದೆ, ಅದರ ಉಳಿವು ಏಕೆ ಸಂದಿಗ್ಧವಾಗಿದೆ ಎಂಬುದನ್ನು ನಾವು ಇಲ್ಲಿ ವಿವರಿಸುತ್ತೇವೆ.

ಈ ಉಪಭಾಷೆಯ ಮುಖ್ಯ ನೆಲೆ ದಕ್ಷಿಣ ಬಲ್ಗೇರಿಯದ ಸ್ಮೊಲ್ಯಾನ್ ಪಟ್ಟಣ ಮತ್ತು ಅದರ ಸುತ್ತಲಿನ ಮಧ್ಯ ರೊಡೊಪಿ. ಪರ್ವತದ ದಕ್ಷಿಣ ಇಳಿಜಾರಿನಲ್ಲಿ, ಇಂದಿನ ಗ್ರೀಸಿನ ಕ್ಸಾಂಥಿ ಪ್ರಾಂತದಲ್ಲಿ, ಪೊಮಾಕ್ ಎಂದು ಕರೆಯಲಾಗುವ ಮುಸ್ಲಿಮರು ಇದಕ್ಕೆ ನಿಕಟವಾದ ನುಡಿಯನ್ನಾಡುತ್ತಾರೆ. ಬಲ್ಗೇರಿಯದ ಕಡೆಯಲ್ಲಿ ಕ್ರೈಸ್ತರೂ ಮುಸ್ಲಿಮರೂ ಇದನ್ನು ಬಳಸುತ್ತಾರೆ. ಅಂದರೆ ಉಪಭಾಷೆಯ ಎಲ್ಲೆ ಮತದ ಎಲ್ಲೆಯೂ ಅಲ್ಲ, ರಾಷ್ಟ್ರದ ಎಲ್ಲೆಯೂ ಅಲ್ಲ. ಲ್ಯುಬೊಮಿರ್ ಮಿಲೆತಿಚ್ 1912ರಲ್ಲಿ ವಿಯೆನ್ನಾದಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥ ರೊಡೊಪಿ ನುಡಿಗಳ ಅಧ್ಯಯನಕ್ಕೆ ಅಡಿಪಾಯ ಹಾಕಿತು.

ಧ್ವನಿವ್ಯವಸ್ಥೆಯಲ್ಲಿ ಮೊದಲು ಗಮನ ಸೆಳೆಯುವುದು ಸ್ವರಗಳ ವಿಲೀನ. ಪ್ರಾಚೀನ ಬಲ್ಗೇರಿಯನ್ನಿನ ಎರಡು ಅನುನಾಸಿಕ ಸ್ವರಗಳು ಹಾಗೂ ಎರಡು ಅತಿಹ್ರಸ್ವ ಸ್ವರಗಳು ಶಿಷ್ಟಭಾಷೆಯಲ್ಲಿ ಸಾಮಾನ್ಯವಾಗಿ ಎರಡು ಸ್ವರಗಳಾಗಿ ಉಳಿದಿವೆ. ರೊಡೊಪಿಯಲ್ಲಿ ಒತ್ತುಳ್ಳ ಸ್ಥಾನದಲ್ಲಿ ಆ ನಾಲ್ಕೂ ಸೇರಿ ಒಂದೇ ವಿವೃತ ಒಕಾರವಾಗಿವೆ. 'ಜ಼ೊಪ್' (ಹಲ್ಲು), 'ಕ್ಲೊತ್ವಾ' (ಆಣೆ), 'ದೊಶ್' (ಮಳೆ), 'ಲೊಸ್ನು' (ಸುಲಭವಾಗಿ) ಎಂಬ ನಾಲ್ಕು ಪದಗಳ ಒಕಾರಗಳಿಗೆ ನಾಲ್ಕು ಬೇರೆ ಬೇರೆ ಮೂಲಗಳಿವೆ.

ಧ್ವನಿಯಲ್ಲಿ ಭೇದಗಳನ್ನು ಅಳಿಸಿದ ಈ ನುಡಿ ವ್ಯಾಕರಣದಲ್ಲಿ ಭೇದಗಳನ್ನು ಕಾಯ್ದುಕೊಂಡಿದೆ. 'ಕ್ನಿಗಾಸಾ' ಎಂದರೆ ಆಡುವವನ ಬಳಿಯಿರುವ ಪುಸ್ತಕ. 'ಕ್ನಿಗಾನಾ' ಎಂದರೆ ದೂರದ ಪುಸ್ತಕ. 'ಕ್ನಿಗಾತಾ' ಎಂಬುದರಲ್ಲಿ ಸಮೀಪ-ದೂರಗಳ ವಿವಕ್ಷೆಯಿಲ್ಲ. ಕ್ಸಾಂಥಿಯ ನುಡಿಯಲ್ಲಾದರೋ ತಕಾರದ ರೂಪ ಕೇಳುವವನ ಬಳಿಯಿರುವುದನ್ನು ಸೂಚಿಸುತ್ತದೆ. ಅಲ್ಲಿ ಈ ಪ್ರತ್ಯಯಗಳು ದೇಶವನ್ನಷ್ಟೇ ಅಲ್ಲ, ಕಾಲವನ್ನೂ ಹೇಳಬಲ್ಲವು: ತಕಾರ ಭೂತಕಾಲದ ಸಂಗತಿಗೆ, ನಕಾರ ಭವಿಷ್ಯತ್ತಿನ ಅಥವಾ ವಾಡಿಕೆಯ ಸಂಗತಿಗೆ ಅನ್ವಯಿಸುತ್ತದೆ. ಸಾಮಾನ್ಯವಾಗಿ ಕ್ರಿಯಾಪದದ್ದೆಂದು ನಾವು ತಿಳಿಯುವ ಕಾರ್ಯವನ್ನು ಇಲ್ಲಿ ನಾಮಪದವೂ ಹಂಚಿಕೊಳ್ಳುತ್ತದೆ.

ಕನ್ನಡದ ಓದುಗರಿಗೆ ಇಂಥ ತ್ರಿವಿಧ ನಿರ್ದೇಶನ ತೀರ ಅಪರಿಚಿತವಲ್ಲ. ಹಳಗನ್ನಡದಲ್ಲಿ 'ಇದು', 'ಅದು' ಎಂಬವುಗಳ ನಡುವೆ 'ಉದು' ಎಂಬ ಮಧ್ಯಮ ರೂಪವಿತ್ತು. ಇಂದಿನ ಕನ್ನಡದಲ್ಲಿ ಎರಡೇ ಉಳಿದಿವೆ. ಎರಡು ಭಾಷೆಗಳಿಗೂ ವಂಶಸಂಬಂಧವಿಲ್ಲ. ಆದರೆ ಮೂರರ ವ್ಯವಸ್ಥೆ ಕುಗ್ಗಬಲ್ಲದೆಂಬುದಕ್ಕೆ ನಮ್ಮ ನುಡಿಯೇ ಸಾಕ್ಷಿ.

ರೊಡೊಪಿಯಲ್ಲಿ ಈ ಕುಗ್ಗುವಿಕೆಗೆ ಬಾಹ್ಯ ಒತ್ತಡಗಳಿವೆ. ಬಲ್ಗೇರಿಯದಲ್ಲಿ ಶಾಲೆ, ಪತ್ರಿಕೆ, ದೂರದರ್ಶನಗಳ ಭಾಷೆ ತಕಾರದ ಪ್ರತ್ಯಯವೊಂದನ್ನೇ ಬಲ್ಲದು. ಗ್ರೀಸಿನಲ್ಲಿ 1923ರ ಲೊಸಾನ್ ಒಪ್ಪಂದದ ಚೌಕಟ್ಟಿನಲ್ಲಿ ರೂಪುಗೊಂಡ ಅಲ್ಪಸಂಖ್ಯಾತರ ಶಾಲೆಗಳು ಗ್ರೀಕ್ ಮತ್ತು ತುರ್ಕಿ ಭಾಷೆಗಳಲ್ಲಿ ಕಲಿಸುತ್ತವೆ. ಮನೆಯ ನುಡಿಗೆ ಅಲ್ಲಿ ಸ್ಥಾನವಿಲ್ಲ. ಒಂದೆಡೆ ಆ ನುಡಿಯ ಜಾಗಕ್ಕೆ ಬೇರೆ ಭಾಷೆಯೇ ಬರುವ ಅಪಾಯವಿದ್ದರೆ, ಇನ್ನೊಂದೆಡೆ ಅದು ತನ್ನದೇ ನಂಟಿನ ಶಿಷ್ಟಭಾಷೆಯೊಳಗೆ ಕರಗುವ ಅಪಾಯವಿದೆ.

ಎರಡನೆಯದು ಕಿವಿಗೆ ಸುಲಭವಾಗಿ ಬೀಳುವುದಿಲ್ಲ. ಸಕಾರ-ನಕಾರಗಳನ್ನು ಬಿಟ್ಟು 'ಕ್ನಿಗಾತಾ' ಎಂದಷ್ಟೇ ಹೇಳುವವನ ಮಾತಿನಲ್ಲಿ ಹೊಸ ರೂಪವೇನೂ ಇಲ್ಲ. ಅದು ಉಪಭಾಷೆಯ ಹಳೆಯ ರೂಪವೇ. ಇಲ್ಲಿ ನಷ್ಟವಾಗುವುದು ಪದವಲ್ಲ, ಪದಗಳ ನಡುವಿನ ಅಂತರ. ಪದಪಟ್ಟಿ ಹಿಡಿದು ಮಾಡುವ ಸಂಗ್ರಹದಲ್ಲಿ ಈ ನಷ್ಟ ದಾಖಲಾಗುವುದಿಲ್ಲ. ಆದುದರಿಂದ ಇಬ್ಬರು ಎದುರುಬದುರು ಕುಳಿತು, ಕೈಯಲ್ಲಿರುವ, ಎದುರಿಗಿರುವ, ಕಣ್ಣಿಗೆ ಕಾಣದಿರುವ ವಸ್ತುಗಳ ಕುರಿತು ಆಡುವ ಸಹಜ ಸಂಭಾಷಣೆಯನ್ನೇ ಧ್ವನಿಮುದ್ರಿಸಿಕೊಳ್ಳುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.