ನಕ್ಷೆಯ ಕಡತ: ಯಾರಿಗೆ, ಎಷ್ಟು, ಎಲ್ಲಿಯವರೆಗೆ?

ಕೆಲವು ದಶಕಗಳ ಹಿಂದೆ ಯಂತ್ರಭಾಗ ತಯಾರಿಸುವ ಘಟಕಗಳಲ್ಲಿ ನಕ್ಷೆಯೆಂದರೆ ಅಮೋನಿಯಾ ವಾಸನೆಯ, ನೀಲಿ ಗೆರೆಗಳ ಕಾಗದ. ಅದರ ಮೂಲ ಪ್ರತಿ ಮಾಲೀಕರ ಬೀರುವಿನಲ್ಲಿ ಭದ್ರವಾಗಿರುತ್ತಿತ್ತು. ಹೊರಗಿನ ಕಾರ್ಯಾಗಾರಕ್ಕೆ ಪ್ರತಿಯನ್ನು ಕಳುಹಿಸುವಾಗ ಮೊಹರು ಒತ್ತಿ, ವಹಿಯಲ್ಲಿ ನಮೂದಿಸಿ, ಕೆಲಸ ಮುಗಿದ ಮೇಲೆ ಹಿಂದಕ್ಕೆ ಪಡೆಯುವ ಪದ್ಧತಿ ಹಲವೆಡೆ ಇತ್ತು. 1982ರಲ್ಲಿ ಆಟೋಕ್ಯಾಡ್ ತಂತ್ರಾಂಶ ಮಾರುಕಟ್ಟೆಗೆ ಬಂದ ನಂತರ ನಕ್ಷೆ ಕ್ರಮೇಣ ಗಣಕಯಂತ್ರವನ್ನು ಸೇರಿತು. ಅಂತರಜಾಲದ ಸಂಗ್ರಹಣಾ ಸೇವೆಗಳು ಬಂದ ಮೇಲೆ ಪೀಣ್ಯದಲ್ಲಿ ಸಿದ್ಧವಾದ ಕಡತ ಮರುಕ್ಷಣವೇ ಬೆಳಗಾವಿಯ ಎರಕದ ಕಾರ್ಖಾನೆಯಲ್ಲಿ ತೆರೆದುಕೊಳ್ಳುತ್ತದೆ. ಈ ಅನುಕೂಲದ ನಡುವೆ ಕಾಗದದೊಂದಿಗೆ ಮೊಹರು, ವಹಿ ಮತ್ತು ಹಿಂಪಡೆಯುವ ಪದ್ಧತಿಗಳೂ ಮರೆಯಾದವು.

ಸಣ್ಣ ಉತ್ಪಾದಕರ ನಿಜವಾದ ಬಂಡವಾಳ ಯಂತ್ರಗಳಲ್ಲಿರುವಷ್ಟೇ ಈ ನಕ್ಷೆಗಳಲ್ಲಿಯೂ ಇದೆ. ಯಂತ್ರ ಕಳುವಾದರೆ ಮರುದಿನವೇ ತಿಳಿಯುತ್ತದೆ. ನಕ್ಷೆ ಕಳುವಾದರೆ ಅದು ನಮ್ಮ ಬಳಿಯೂ ಉಳಿದಿರುತ್ತದೆ. ಅದೇ ವಸ್ತು ಕಡಿಮೆ ಬೆಲೆಗೆ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡಾಗಲಷ್ಟೇ ಸಂಗತಿ ಗೊತ್ತಾಗುತ್ತದೆ. ಹಾಗೆಂದು ನಕ್ಷೆಯನ್ನು ಹಂಚಿಕೊಳ್ಳದೆ ಉದ್ಯಮ ನಡೆಯದು. ಆದುದರಿಂದ ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಎಲ್ಲಿಯವರೆಗೆ ಕೊಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಕಡತ ಕಳುಹಿಸುವ ಮುನ್ನವೇ ಉತ್ತರ ಕಂಡುಕೊಳ್ಳಬೇಕು. ಕಳುಹಿಸಿದ ನಂತರ ಮಾಡಬಹುದಾದುದು ಅತ್ಯಲ್ಪ.

ಕೆಲಸಕ್ಕೆ ತಕ್ಕಷ್ಟೇ ವಿವರ

ನೀರೆತ್ತುವ ಪಂಪೊಂದರ ತಯಾರಿಕೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎರಕಕ್ಕೆ ಬೇಕಾದ ಪ್ಯಾಟರ್ನ್ ಮಾಡುವವರಿಗೆ ಒರಟು ಎರಕದ ಆಕಾರ, ಯಂತ್ರಗೆಲಸಕ್ಕಾಗಿ ಬಿಡಬೇಕಾದ ಹೆಚ್ಚುವರಿ ದಪ್ಪ, ಲೋಹ ತಣಿಯುವಾಗ ಕುಗ್ಗುವ ಪ್ರಮಾಣ ತಿಳಿದಿದ್ದರೆ ಸಾಕು. ಬೂದು ಎರಕದ ಕಬ್ಬಿಣಕ್ಕೆ ಈ ಕುಗ್ಗುವಿಕೆಯನ್ನು ಸಾಮಾನ್ಯವಾಗಿ ಶೇ. 1ರ ಆಸುಪಾಸಿನಲ್ಲಿ ಲೆಕ್ಕ ಹಾಕುತ್ತಾರೆ. ಲೇತ್ ಮತ್ತು ಮಿಲ್ಲಿಂಗ್ ಕೆಲಸದವರಿಗೆ ಅಂತಿಮ ಅಳತೆ ಹಾಗೂ ಅನುಮತಿಸಿದ ವ್ಯತ್ಯಾಸದ ಮಿತಿ ಬೇಕು. ಲೇಪನದವರಿಗೆ ಮೇಲ್ಮೈ ವಿಸ್ತೀರ್ಣ, ಲೇಪನದ ದಪ್ಪ ಮತ್ತು ಲೇಪನ ತಾಗಬಾರದ ಸ್ಥಳಗಳ ಗುರುತು ಸಾಕು. ಪೆಟ್ಟಿಗೆ ತಯಾರಿಸುವವರಿಗೆ ಹೊರ ಅಳತೆ ಮತ್ತು ತೂಕದ ಹೊರತು ಮತ್ತೇನೂ ಅಗತ್ಯವಿಲ್ಲ.

ಆದರೆ ರೂಢಿಯಲ್ಲಿ ನಡೆಯುವುದೇ ಬೇರೆ. ಇಡೀ ಪಂಪಿನ ಜೋಡಣೆಯ ನಕ್ಷೆಯನ್ನೇ ನಾಲ್ವರಿಗೂ ಕಳುಹಿಸಿ, ತಮಗೆ ಬೇಕಾದುದನ್ನು ನೋಡಿಕೊಳ್ಳುವಂತೆ ಹೇಳುವುದುಂಟು. ಬಿಡಿ ನಕ್ಷೆಗಳನ್ನು ಪ್ರತ್ಯೇಕಿಸಲು ಅರ್ಧ ದಿನದ ಕೆಲಸ ಹಿಡಿಯಬಹುದು. ಆ ಅರ್ಧ ದಿನದ ಉಳಿತಾಯಕ್ಕಾಗಿ ಇಡೀ ಉತ್ಪನ್ನದ ಗುಟ್ಟನ್ನು ನಾಲ್ಕು ಕಡೆ ಬಿಟ್ಟುಕೊಡುವುದು ವ್ಯಾಪಾರದ ಲೆಕ್ಕಕ್ಕೆ ಕೂಡುವುದಿಲ್ಲ.

ಕಡತದ ಸ್ವರೂಪವೂ ಇಲ್ಲಿ ಮುಖ್ಯ. ಕ್ಯಾಡ್ ತಂತ್ರಾಂಶದ ಮೂಲ ಕಡತದಲ್ಲಿ ಆಕಾರದೊಂದಿಗೆ ಅದನ್ನು ರಚಿಸಿದ ಕ್ರಮ, ಅಳತೆಗಳ ಪರಸ್ಪರ ಸಂಬಂಧ ಎಲ್ಲವೂ ಅಡಕವಾಗಿರುತ್ತವೆ. ಅದನ್ನು ಪಡೆದವರು ಒಂದೆರಡು ಅಂಕಿಗಳನ್ನು ಬದಲಿಸಿ ಮತ್ತೊಂದು ಗಾತ್ರದ ಉತ್ಪನ್ನವನ್ನು ಸುಲಭವಾಗಿ ಸಿದ್ಧಪಡಿಸಬಲ್ಲರು. 1994ರಲ್ಲಿ ಅಂತಾರಾಷ್ಟ್ರೀಯ ಮಾನಕವಾಗಿ ಮೊದಲು ಪ್ರಕಟವಾದ ಸ್ಟೆಪ್ ಸ್ವರೂಪದ ಕಡತದಲ್ಲಿ ಸಾಮಾನ್ಯವಾಗಿ ಅಂತಿಮ ಆಕಾರ ಮಾತ್ರ ಹೋಗುತ್ತದೆ. ತಗಡಿನ ಲೇಸರ್ ಕತ್ತರಿಕೆಗೆ ಚಪ್ಪಟೆ ರೂಪದ ಡಿಎಕ್ಸ್‌ಎಫ್ ಕಡತ ಸಾಕು. ದರಪಟ್ಟಿ ಕೇಳುವ ಹಂತದಲ್ಲಿ ಬಹುಪಾಲು ಮುಖ್ಯ ಅಳತೆಗಳಿರುವ ಪಿಡಿಎಫ್ ಪುಟವೇ ಸಾಕಾಗುತ್ತದೆ. ಆದೇಶ ಖಚಿತವಾಗುವ ಮುನ್ನ ಮೂಲ ಕಡತ ಕೇಳುವವರನ್ನು, ಅದು ಯಾವ ಕೆಲಸಕ್ಕೆ ಬೇಕೆಂದು ವಿಚಾರಿಸುವುದರಲ್ಲಿ ಸಂಕೋಚವೇನೂ ಬೇಡ.

ಕೊಂಡಿಯೆಂಬ ಬೀಗದ ಕೈ

ಅಂತರಜಾಲದ ಸಂಗ್ರಹಣಾ ಸೇವೆಗಳಲ್ಲಿ ಕಡತ ಹಂಚಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಒಂದು, ಕೊಂಡಿ ಅಥವಾ ಲಿಂಕ್ ಇರುವ ಯಾರಾದರೂ ತೆರೆಯಬಹುದಾದ ವ್ಯವಸ್ಥೆ. ಮತ್ತೊಂದು, ಹೆಸರಿಸಿದ ಇ-ಮೇಲ್ ಖಾತೆಯವರು ಮಾತ್ರ ತೆರೆಯಬಹುದಾದ ವ್ಯವಸ್ಥೆ. ಮೊದಲನೆಯದು ಬಾಗಿಲಿಗೆ ಬೀಗ ಹಾಕಿ ಕೈಯನ್ನು ಹೊಸ್ತಿಲ ಮೇಲೆಯೇ ಇಟ್ಟಂತೆ. ಆ ಕೊಂಡಿ ವಾಟ್ಸ್ಆ್ಯಪ್ ಗುಂಪೊಂದಕ್ಕೆ ಸೇರಿದರೆ ಮುಂದೆ ಯಾರ ಕೈಗೆ ಹೋಯಿತೆಂಬುದು ಕಳುಹಿಸಿದವರಿಗೂ ತಿಳಿಯದು. ನಕ್ಷೆಗಳಿಗೆ ಎರಡನೆಯ ಮಾರ್ಗವೇ ಯೋಗ್ಯ.

ಹೆಸರು ಸೇರಿಸುವಾಗ ಯಾವ ಅಧಿಕಾರ ಕೊಡುತ್ತಿದ್ದೇವೆಂಬುದನ್ನು ಗಮನಿಸಬೇಕು. ನೋಡುವ, ಟಿಪ್ಪಣಿ ಬರೆಯುವ ಮತ್ತು ತಿದ್ದುವ ಅಧಿಕಾರಗಳು ಬೇರೆಬೇರೆ. ಗೂಗಲ್ ಡ್ರೈವ್‌ನಲ್ಲಿ ಮಾಲೀಕರು ತಡೆಯದ ಹೊರತು ತಿದ್ದುವ ಅಧಿಕಾರವುಳ್ಳವರು ಇತರರನ್ನೂ ಸೇರಿಸಬಲ್ಲರು. ನೋಡುವವರಿಗೆ ಡೌನ್‌ಲೋಡ್, ಮುದ್ರಣ ಮತ್ತು ನಕಲು ಮಾಡುವ ಸೌಲಭ್ಯ ಕಾಣದಂತೆ ಮಾಡುವ ಆಯ್ಕೆಯೂ ಅದರಲ್ಲಿದೆ. ಹಲವು ಸೇವೆಗಳ ಪಾವತಿ ಯೋಜನೆಗಳಲ್ಲಿ ಅಧಿಕಾರಕ್ಕೆ ಕೊನೆಯ ದಿನಾಂಕವನ್ನೂ ನಿಗದಿಪಡಿಸಬಹುದು.

ಇನ್ನೂ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಕಡತಗಳ ಕೋಶವನ್ನು, ಅಂದರೆ ಫೋಲ್ಡರನ್ನು ಹಂಚಿದರೆ ಮುಂದೆ ಅದರೊಳಗೆ ಸೇರಿಸುವ ಕಡತಗಳೂ ಸಾಮಾನ್ಯವಾಗಿ ಅವರಿಗೆ ಕಾಣುತ್ತವೆ. ನಕ್ಷೆಯ ಕೋಶದಲ್ಲಿಯೇ ವೆಚ್ಚದ ಲೆಕ್ಕಾಚಾರವನ್ನು ಇಟ್ಟರೆ ಪೂರೈಕೆದಾರರಿಗೆ ನಮ್ಮ ಲಾಭಾಂಶವೂ ಗೋಚರಿಸೀತು. ಎರಡನೆಯದಾಗಿ, ನೌಕರರ ವೈಯಕ್ತಿಕ ಖಾತೆಯಲ್ಲಿ ಸಿದ್ಧಪಡಿಸಿದ ಕಡತಗಳ ಹತೋಟಿ ಆ ಖಾತೆಯಲ್ಲಿಯೇ ಉಳಿಯುತ್ತದೆ; ನೌಕರರು ಕೆಲಸ ಬಿಟ್ಟ ದಿನ ಸಂಸ್ಥೆಯು ತನ್ನದೇ ನಕ್ಷೆಗಾಗಿ ಅವರನ್ನು ಕೇಳಿಕೊಳ್ಳಬೇಕಾಗುತ್ತದೆ. ಆದ್ದರಿಂದ ನಕ್ಷೆಗಳೆಲ್ಲವೂ ಸಂಸ್ಥೆಯ ಹೆಸರಿನ ಖಾತೆಯಲ್ಲಿರಲಿ, ಆ ಖಾತೆಗೆ ಎರಡು ಹಂತದ ದೃಢೀಕರಣವಿರಲಿ.

ತಂತ್ರಾಂಶದ ಮಿತಿಯನ್ನೂ ಮರೆಯುವಂತಿಲ್ಲ. ಪರದೆಯ ಮೇಲೆ ಕಂಡುದನ್ನು ಮೊಬೈಲ್ ಫೋನಿನಲ್ಲಿ ಛಾಯಾಚಿತ್ರ ತೆಗೆಯುವುದನ್ನು ಯಾವ ಆಯ್ಕೆಯೂ ತಡೆಯದು. ಒಮ್ಮೆ ಡೌನ್‌ಲೋಡ್ ಆದ ಪ್ರತಿ, ಅಧಿಕಾರ ಹಿಂಪಡೆದರೂ ಮರಳಿ ಬಾರದು. ಅಧಿಕಾರ ಹಿಂಪಡೆಯುವುದರಿಂದ ತಪ್ಪುವುದು ಮುಂದಿನ ವೀಕ್ಷಣೆ ಮಾತ್ರ. ಕೆಲಸಕ್ಕೆ ತಕ್ಕಷ್ಟೇ ವಿವರ ಕೊಡಬೇಕೆಂಬ ಮಾತಿನ ಮಹತ್ವ ಇಲ್ಲಿದೆ.

ಕಾನೂನಿನ ನೆರವು

ಉತ್ಪನ್ನದ ಹೊರರೂಪ ಹೊಸದಾಗಿದ್ದರೆ 2000ದ ವಿನ್ಯಾಸ ಕಾಯಿದೆಯಡಿ ನೋಂದಣಿ ಮಾಡಿಸಬಹುದು. 2001ರ ಮೇ 11ರಿಂದ ಜಾರಿಯಲ್ಲಿರುವ ಈ ಕಾಯಿದೆ 10 ವರ್ಷಗಳ ಹಕ್ಕು ನೀಡುತ್ತದೆ. ಅದನ್ನು ಮತ್ತೆ 5 ವರ್ಷ ವಿಸ್ತರಿಸಿಕೊಳ್ಳಬಹುದು. ಆದರೆ ಅರ್ಜಿಗೆ ಮುನ್ನ ವಿನ್ಯಾಸವು ಭಾರತದಲ್ಲಾಗಲಿ ಹೊರದೇಶದಲ್ಲಾಗಲಿ ಸಾರ್ವಜನಿಕವಾಗಿ ಪ್ರಕಟವಾಗಿದ್ದರೆ 4ನೆಯ ಕಲಮಿನಂತೆ ನೋಂದಣಿ ದೊರೆಯದು. ಎಲ್ಲರಿಗೂ ತೆರೆದಿಟ್ಟ ಅಂತರಜಾಲದ ಪುಟವೊಂದು ನಮ್ಮದೇ ಅರ್ಜಿಗೆ ಅಡ್ಡಿಯಾಗಬಲ್ಲುದು. ವಿಶ್ವಾಸದ ಮೇಲೆ ಒಬ್ಬರಿಗೆ ತೋರಿಸಿದ್ದನ್ನು ಮಾತ್ರ 16ನೆಯ ಕಲಮು ಪ್ರಕಟಣೆಯೆಂದು ಎಣಿಸುವುದಿಲ್ಲ. ಹೆಸರಿಸಿದವರಿಗಷ್ಟೇ, ಗೋಪ್ಯತೆಯ ಷರತ್ತಿನೊಂದಿಗೆ ತೋರಿಸಿದ್ದಕ್ಕೆ ದಾಖಲೆಯಿದ್ದರೆ ಈ ರಕ್ಷಣೆ ಕೇಳಲು ಆಧಾರ ಸಿಗುತ್ತದೆ.

ನಕ್ಷೆಗೆ ಕೃತಿಸ್ವಾಮ್ಯವಿದೆಯೆಂದು ನೆಮ್ಮದಿಯಿಂದಿರುವವರು 1957ರ ಕೃತಿಸ್ವಾಮ್ಯ ಕಾಯಿದೆಯ 15ನೆಯ ಕಲಮನ್ನು ಗಮನಿಸಬೇಕು. ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ, ಅದರ ವಸ್ತುವನ್ನು ಮಾಲೀಕರಾಗಲಿ ಅವರ ಪರವಾನಗಿ ಪಡೆದವರಾಗಲಿ ಕೈಗಾರಿಕಾ ವಿಧಾನದಿಂದ 50ಕ್ಕೂ ಹೆಚ್ಚು ಬಾರಿ ತಯಾರಿಸಿದರೆ ಆ ವಿನ್ಯಾಸದ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ವಿನ್ಯಾಸದ ನೋಂದಣಿಯಾದರೂ ಕಣ್ಣಿಗೆ ಕಾಣುವ ರೂಪಕ್ಕೆ ಸೀಮಿತ. ಒಳಗಿನ ಕಾರ್ಯವಿಧಾನಕ್ಕೆ ಅದು ಅನ್ವಯಿಸದು. ಅಲ್ಲಿ ಆಸರೆಯಾಗುವುದು ಗೋಪ್ಯತೆಯೇ.

ಗೋಪ್ಯತೆಯನ್ನು ನ್ಯಾಯಾಲಯಗಳು ಎತ್ತಿಹಿಡಿದ ನಿದರ್ಶನಗಳಿವೆ. ಚರ್ಮದ ಪಂಚುಗಳನ್ನು ಮಾಡುವ ಸಲಕರಣೆಗಳ ನಕ್ಷೆಯನ್ನು ತಯಾರಿಕೆಗೆಂದು ಪಡೆದು, ಸ್ವಂತ ಲಾಭಕ್ಕೆ ಬಳಸಿಕೊಂಡ ಸಾಲ್ಟ್‌ಮನ್ ಪ್ರಕರಣದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು 1948ರಲ್ಲಿ, ಒಪ್ಪಂದವಿಲ್ಲದಿದ್ದರೂ ವಿಶ್ವಾಸದ ಹೊಣೆ ಉಳಿಯುತ್ತದೆಂದು ತೀರ್ಪಿತ್ತಿತು. ಮೇವು ಬೆಳೆಸುವ ಯಂತ್ರಕ್ಕೆ ಥರ್ಮಲ್ ಪ್ಯಾನೆಲ್ ಪಡೆಯುವ ಉದ್ದೇಶದಿಂದ ಪೂರೈಕೆದಾರರಿಗೆ ತಾಂತ್ರಿಕ ವಿವರ ಕೊಟ್ಟಿದ್ದ ಜಾನ್ ರಿಚರ್ಡ್ ಬ್ರೇಡಿ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯ 1987ರಲ್ಲಿ, ಅದೇ ಬಗೆಯ ಯಂತ್ರ ತಯಾರಿಸದಂತೆ ಪೂರೈಕೆದಾರರಿಗೆ ತಡೆಯಾಜ್ಞೆ ನೀಡಿತು. ಆದರೆ ವಿವರವು ಗೋಪ್ಯವಾಗಿತ್ತೆಂದು ತೋರಿಸಿಕೊಡುವ ಹೊಣೆ ನ್ಯಾಯ ಕೇಳುವವರದು. ಸಿಕ್ಕಸಿಕ್ಕವರಿಗೆ ಕೊಂಡಿ ಕಳುಹಿಸಿದವರು ಅದನ್ನು ಹೇಗೆ ತೋರಿಸಿಯಾರು?

ಒಪ್ಪಂದ ಬರೆಯುವಾಗಲೂ ಅಳತೆ ಮೀರಬಾರದು. ಪೂರೈಕೆದಾರರು ಮುಂದೆಂದೂ ಆ ವ್ಯಾಪಾರವನ್ನೇ ಮಾಡಕೂಡದೆಂಬ ಷರತ್ತು, 1872ರ ಕರಾರು ಕಾಯಿದೆಯ 27ನೆಯ ಕಲಮಿನೆದುರು ನಿಲ್ಲುವುದು ಕಷ್ಟ. ಈ ನಕ್ಷೆಯನ್ನು ಈ ಆದೇಶಕ್ಕೆ ಮಾತ್ರ ಬಳಸಬೇಕು, ಬೇರೆಯವರಿಗೆ ಕೊಡಬಾರದು, ಕೆಲಸ ಮುಗಿದ ನಂತರ ಅಳಿಸಬೇಕು ಎಂಬ ಸ್ಪಷ್ಟ ಮಾತುಗಳೇ ಹೆಚ್ಚು ಉಪಯುಕ್ತ. ಇದನ್ನು ಖರೀದಿ ಆದೇಶದಲ್ಲಿಯೇ ಸೇರಿಸಬಹುದು.

ಹಳೆಯ ವಹಿಗೆ ಹೊಸ ರೂಪ

ಇಷ್ಟನ್ನು ಪಾಲಿಸಲು ದುಬಾರಿ ತಂತ್ರಾಂಶವೇನೂ ಬೇಡ. ನಕ್ಷೆಯ ಸಂಖ್ಯೆ, ಪರಿಷ್ಕರಣೆಯ ಸಂಖ್ಯೆ, ಯಾರಿಗೆ, ಯಾವ ಆದೇಶಕ್ಕೆ, ಯಾವ ಅಧಿಕಾರದೊಂದಿಗೆ, ಯಾವ ದಿನ ಕೊಟ್ಟಿತು, ಯಾವ ದಿನ ಹಿಂಪಡೆದದ್ದು ಎಂಬ ಅಂಕಣಗಳ ಒಂದು ವಹಿ ಸಾಕು. ತಿಂಗಳಿಗೊಮ್ಮೆ ಅದನ್ನು ಖಾತೆಯೊಂದಿಗೆ ತಾಳೆ ನೋಡಿ, ಮುಗಿದ ಕೆಲಸಗಳ ಅಧಿಕಾರವನ್ನು ಮುಚ್ಚಬೇಕು. ಪ್ರತಿ ಪುಟದ ಅಂಚಿನಲ್ಲಿ ಪಡೆಯುವವರ ಹೆಸರನ್ನು ಮುದ್ರಿಸಿದರೆ ಸೋರಿಕೆಯ ಮೂಲ ಪತ್ತೆಹಚ್ಚಲು ನೆರವಾಗುತ್ತದೆ.

ಈ ಶಿಸ್ತಿನಿಂದ ಮತ್ತೊಂದು ಲಾಭವೂ ಉಂಟು. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಪ್ರತಿಗಳಲ್ಲಿ ಇತ್ತೀಚಿನದು ಯಾವುದೆಂದು ತಿಳಿಯದೆ ಹಳೆಯ ಅಳತೆಗೆ ಕತ್ತರಿಸಿದ ಮಾಲು ಗುಜರಿಗೆ ಹೋಗುವುದು ಉತ್ಪಾದಕರಿಗೆ ಅಪರಿಚಿತವಲ್ಲ. ಒಂದೇ ಸ್ಥಳದಲ್ಲಿ, ಒಂದೇ ಊರ್ಜಿತ ನಕ್ಷೆಯಿದ್ದರೆ ಈ ನಷ್ಟವೂ ತಗ್ಗುತ್ತದೆ. ಪೂರೈಕೆದಾರರಿಗೂ ಇದರಿಂದ ಅನುಕೂಲವೇ: ತಮಗೆ ತಲುಪದ ವಿವರ ಸೋರಿದರೆ ಅವರ ಮೇಲೆ ಸಂದೇಹ ಬಾರದು.

ನಂಬಿಕೆಯಿಲ್ಲದೆ ವ್ಯಾಪಾರವಿಲ್ಲ, ನಿಜ. ಆದರೆ ನಂಬಿಕಸ್ಥರೊಂದಿಗಿನ ವ್ಯವಹಾರವನ್ನೂ ನಾವು ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತೇವೆ. ಅದನ್ನು ಯಾರೂ ಅಪನಂಬಿಕೆಯೆಂದು ಭಾವಿಸುವುದಿಲ್ಲ. ನಕ್ಷೆಗೂ ಅದೇ ನಿಯಮ ಸಲ್ಲಬೇಕು. ಸದಸ್ಯ ಉದ್ಯಮಿಗಳು ಈ ವಾರವೇ ತಮ್ಮ ಸಂಸ್ಥೆಯ ಖಾತೆಯನ್ನು ತೆರೆದು, ಯಾವ ಕಡತ ಯಾರಿಗೆಲ್ಲ ತೆರೆದಿದೆಯೆಂದು ಒಮ್ಮೆ ಪರಿಶೀಲಿಸಲಿ. ವಹಿಯ ಮೊದಲ ಪುಟ ಅಲ್ಲಿಂದಲೇ ಆರಂಭವಾಗಲಿ.